ಫ್ರಾಂಕ್ಲಿನ್ ಸೋತ ಚುನಾವಣೆ ಮತ್ತು ಕಾನೆಸ್ಟೋಗಾದ ಇಪ್ಪತ್ತು ಜನ

ಅಮೆರಿಕಾದ ನೂರು ಡಾಲರ್ ನೋಟು ನೋಡಿದ್ದೀರಲ್ಲ? ಅದರ ಮೇಲೆ ನೆತ್ತಿ ಬೋಳಾದ, ಹಿಂದೆ ಉದ್ದ ಕೂದಲು ಬಿಟ್ಟ ಅಜ್ಜ ಒಬ್ಬ ಇದ್ದಾನೆ. ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ, ಮಿಂಚು, ವಿದ್ಯುತ್ತು ಅಂತ ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿರುತ್ತೆ. ಇದೇ ಫ್ರಾಂಕ್ಲಿನ್ 1764ರಲ್ಲಿ ತನ್ನ ಸ್ವಂತ ಊರು ಫಿಲಡೆಲ್ಫಿಯಾದಲ್ಲಿ ಚುನಾವಣೆ ಸೋತ. ಅದೂ ಹೆಚ್ಚೇನಲ್ಲ, ಇಪ್ಪತ್ತೈದರ ಆಸುಪಾಸು ಮತಗಳಲ್ಲಿ. ಸೋಲಿಗೆ ಕಾರಣ ಹಲವು. ಅದರಲ್ಲೊಂದು, ಅದರ ಹಿಂದಿನ ಚಳಿಗಾಲದಲ್ಲಿ ಕೊಲೆಯಾದ ಇಪ್ಪತ್ತು ಜನ ಬಡ ಇಂಡಿಯನ್ನರ ಪರವಾಗಿ ಅವನು ಬರೆದ ಒಂದು ಸಣ್ಣ ಪುಸ್ತಿಕೆ.

(ಇಲ್ಲಿ 'ಇಂಡಿಯನ್' ಅಂದರೆ ನಾವಲ್ಲ ಬಿಡಿ. ಕೊಲಂಬಸ್ ಮಾಡಿಟ್ಟ ಎಡವಟ್ಟನ್ನು ಐನೂರು ವರ್ಷವಾದರೂ ಬಿಡಿಸಿಕೊಳ್ಳೋಕೆ ಆಗಿಲ್ಲ. :-) ಆ ಕಾಲದ ಕಾಗದಪತ್ರಗಳಲ್ಲಿ ಹಾಗೇ ಇರೋದರಿಂದ ನಾನೂ ಹಾಗೇ ಬರೀತೀನಿ.)

ಕಥೆ ಶುರುವಾಗೋದು ವಿಲಿಯಂ ಪೆನ್ನನಿಂದ. 1681ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಇವನಿಗೆ ಒಂದು ಇಡೀ ಸೀಮೆಯನ್ನೇ ಬರೆದುಕೊಟ್ಟ. ಅದೇ ಪೆನ್ಸಿಲ್ವೇನಿಯಾ. ಪೆನ್ ಕ್ವೇಕರ್ ಪಂಥದವನು, ಯುದ್ಧ ಬೇಡ ಅನ್ನೋ ಜನ. ಅಲ್ಲಿ ಮೊದಲಿಂದ ಇದ್ದವರ ಜೊತೆ ಮಾತಾಡಿ, ಒಪ್ಪಂದ ಮಾಡಿಕೊಂಡು ನೆಲೆ ನಿಲ್ಲೋಣ ಅಂತ ಹೊರಟವನು. 1701ರಲ್ಲಿ ಸಸ್ಕ್ವೆಹಾನಾ ನದಿ ಕಡೆಯ ಜನರ ಜೊತೆ ಒಂದು ಒಪ್ಪಂದ ಆಯ್ತು. ಎಂದೆಂದಿಗೂ ನಾವು ಸ್ನೇಹಿತರು ಅಂತ. ಆ ಜನರಲ್ಲಿ ಕೆಲವರು ಲ್ಯಾಂಕಾಸ್ಟರ್ ಹತ್ತಿರದ ಕಾನೆಸ್ಟೋಗಾ ಅನ್ನೋ ಹಳ್ಳಿಯಲ್ಲಿ ಉಳಿದುಕೊಂಡರು. 1763ರ ಹೊತ್ತಿಗೆ ಅಲ್ಲಿ ಉಳಿದಿದ್ದವರು ಇಪ್ಪತ್ತೇ ಜನ. ಪೊರಕೆ, ಬುಟ್ಟಿ ಹೆಣೆದು ಸುತ್ತಲಿನ ಬಿಳಿಯರ ಮನೆಗಳಿಗೆ ಮಾರಿ ಜೀವನ.

ಇನ್ನು ರಾಜಕೀಯ. ಪೆನ್ ಸತ್ತ ಮೇಲೆ ಸೀಮೆ ಮಕ್ಕಳ ಪಾಲಾಯ್ತು. ಅವರು ಲಂಡನ್ನಿನಲ್ಲಿ ಕೂತು ಗವರ್ನರನನ್ನು ನೇಮಿಸೋರು. ಫಿಲಡೆಲ್ಫಿಯಾದ ಶಾಸನಸಭೆ ಕ್ವೇಕರ್ ಪಕ್ಷದ ಕೈಯಲ್ಲಿ. ಫ್ರಾಂಕ್ಲಿನ್ ಕ್ವೇಕರ್ ಅಲ್ಲದಿದ್ದರೂ ಆ ಪಕ್ಷದ ಮುಂದಾಳು. ಎರಡೂ ಕಡೆಯವರ ಜಗಳ ತೆರಿಗೆಯದ್ದು. ಗಡಿ ಕಾಯೋಕೆ ದುಡ್ಡು ಬೇಕು, ಪೆನ್ ಮನೆತನದ ಲಕ್ಷಾಂತರ ಎಕರೆಗೂ ತೆರಿಗೆ ಹಾಕ್ತೀವಿ ಅಂತ ಸಭೆ. ನಮ್ಮ ಜಮೀನು ಮುಟ್ಟಬೇಡಿ ಅಂತ ಮಾಲೀಕರು. 1757ರಲ್ಲಿ ಇದಕ್ಕಾಗಿಯೇ ಫ್ರಾಂಕ್ಲಿನ್ ಲಂಡನ್ನಿಗೆ ಹೋಗಿ ಐದು ವರ್ಷ ಕೂತಿದ್ದ.

ಇವರಿಬ್ಬರ ಹಗ್ಗಜಗ್ಗಾಟದ ನಡುವೆ ಸಿಕ್ಕಿಕೊಂಡವರು ಪಶ್ಚಿಮದ ಗಡಿಯ ಜನ. ಹೆಚ್ಚಿನವರು ಅಲ್‌ಸ್ಟರ್‌ನಿಂದ ಬಂದ ಸ್ಕಾಟ್ಸ್-ಐರಿಷ್ ಪ್ರೆಸ್ಬಿಟೇರಿಯನ್ ರೈತರು. 1755ರಲ್ಲಿ ಬ್ರಾಡಕ್‌ನ ಸೇನೆ ಸೋತ ಮೇಲೆ ಆ ಗಡಿಗೆ ದಿಕ್ಕಿರಲಿಲ್ಲ. ಮನೆ ಸುಟ್ಟವು, ಹೆಂಡತಿ ಮಕ್ಕಳು ಸತ್ತರು, ಕೆಲವರನ್ನು ಹಿಡಿದುಕೊಂಡು ಹೋದರು. 1763ರಲ್ಲಿ ಫ್ರಾನ್ಸಿನ ಜೊತೆ ಶಾಂತಿಯಾಯ್ತು ಅನ್ನೋವಷ್ಟರಲ್ಲಿ ಪಾಂಟಿಯಾಕ್‌ನ ಯುದ್ಧ ಶುರು. ಮತ್ತೆ ಅದೇ ಬೆಂಕಿ. ರಕ್ಷಣೆ ಕೊಡಿ ಅಂತ ಅವರು ಕೂಗಿದರೆ ಸಭೆಯಲ್ಲಿ ಕೇಳೋರು ಯಾರು? ಪೂರ್ವದ ಮೂರು ಹಳೇ ಜಿಲ್ಲೆಗಳಿಗೆ 26 ಸದಸ್ಯರು, ಗಡಿಯ ಐದು ಜಿಲ್ಲೆಗಳಿಗೆ ಬರೀ 10. ಅವರ ಸಿಟ್ಟು ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಆದರೆ ಆ ಸಿಟ್ಟು ಯಾರ ಮೇಲೆ ಬಿತ್ತು ನೋಡಿ.

ದೂರದ ಕಾಡಲ್ಲಿದ್ದ ಯೋಧರು ಕೈಗೆ ಸಿಗಲಿಲ್ಲ. ಪಕ್ಕದಲ್ಲೇ ಪೊರಕೆ ಮಾರಿಕೊಂಡಿದ್ದವರು ಸಿಕ್ಕರು.

1763ರ ನವೆಂಬರ್ 30ರಂದು ಕಾನೆಸ್ಟೋಗಾದವರು ಹೊಸದಾಗಿ ಬಂದಿದ್ದ ಗವರ್ನರ್ ಜಾನ್ ಪೆನ್‌ಗೆ (ವಿಲಿಯಂ ಪೆನ್ನನ ಮೊಮ್ಮಗ) ಸ್ವಾಗತದ ಪತ್ರ ಬರೆಸಿ ಕಳಿಸಿದ್ದರು. ನಿಮ್ಮ ತಾತನ ಕಾಲದ ಸ್ನೇಹ ಮುಂದುವರಿಯಲಿ ಅನ್ನೋ ಅರ್ಥದಲ್ಲಿ. ಸರಿಯಾಗಿ ಹದಿನಾಲ್ಕನೇ ದಿನ, ಡಿಸೆಂಬರ್ 14ರ ಬೆಳಗಿನ ಜಾವ, ಪ್ಯಾಕ್ಸ್‌ಟನ್ ಕಡೆಯಿಂದ ಐವತ್ತಕ್ಕೂ ಹೆಚ್ಚು ಜನ ಕುದುರೆ ಏರಿ ಬಂದರು. ಹಳ್ಳಿಯಲ್ಲಿ ಇದ್ದವರು ಆರೇ ಜನ. ಆರೂ ಜನರನ್ನು ಕೊಂದು ಗುಡಿಸಲುಗಳಿಗೆ ಬೆಂಕಿ ಇಟ್ಟರು. ಸತ್ತವರಲ್ಲಿ ಶೆಹೇಸ್ ಅನ್ನೋ ಮುದುಕ ಒಬ್ಬ. 1701ರ ಒಪ್ಪಂದದ ದಿನ ವಿಲಿಯಂ ಪೆನ್ನನ ಎದುರು ಕೂತಿದ್ದವನು ಅಂತ ಫ್ರಾಂಕ್ಲಿನ್ ಬರೆದಿದ್ದಾನೆ. ಆಮೇಲೆ ಅವಶೇಷಗಳನ್ನು ಕೆದಕಿದಾಗ ಸಿಕ್ಕ ಕಾಗದಗಳಲ್ಲಿ ಅದೇ ಒಪ್ಪಂದದ ಪ್ರತಿಯೂ ಇತ್ತು. ಅರವತ್ತೆರಡು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಉಳಿದ ಹದಿನಾಲ್ಕು ಜನರನ್ನು ಅಧಿಕಾರಿಗಳು ಲ್ಯಾಂಕಾಸ್ಟರ್ ಊರಿನ ಜೈಲಿನ ಕಟ್ಟಡದಲ್ಲಿ ಇಟ್ಟರು. ಶಿಕ್ಷೆಗಲ್ಲ, ರಕ್ಷಣೆಗೆ. ಗವರ್ನರ್ 22ನೇ ತಾರೀಕು ಒಂದು ಘೋಷಣೆಯನ್ನೂ ಹೊರಡಿಸಿದ. ಕ್ರಿಸ್‌ಮಸ್ ಕಳೆದು ಎರಡೇ ದಿನಕ್ಕೆ, ಡಿಸೆಂಬರ್ 27ರಂದು, ಹಾಡುಹಗಲಲ್ಲಿ ಅವರು ಮತ್ತೆ ಬಂದರು. ಜೈಲಿನ ಬಾಗಿಲು ಒಡೆದು ಹದಿನಾಲ್ಕೂ ಜನರನ್ನು ಕೊಂದರು. ಅದರಲ್ಲಿ ಮಕ್ಕಳೂ ಇದ್ದರು. ಊರಿನಲ್ಲೇ ಹೈಲ್ಯಾಂಡ್ ಸೈನಿಕರ ತುಕಡಿ ಇತ್ತು, ಅಲುಗಾಡಲಿಲ್ಲ. ಒಬ್ಬ ರೈತನ ಹೊಲದಲ್ಲಿದ್ದ ಮೈಕೆಲ್ ಮತ್ತು ಮೇರಿ ಅನ್ನೋ ಗಂಡ ಹೆಂಡತಿ ಬದುಕಿಕೊಂಡರು, ಅಷ್ಟೇ.

ಜನವರಿಯಲ್ಲಿ ಗವರ್ನರ್ ಮುಂದಾಳುಗಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಘೋಷಿಸಿದ. ಒಬ್ಬನೇ ಒಬ್ಬನೂ ಬಾಯಿ ಬಿಡಲಿಲ್ಲ. ಒಂದೇ ಒಂದು ಮೊಕದ್ದಮೆ ನಡೆಯಲಿಲ್ಲ.

ಫ್ರಾಂಕ್ಲಿನ್ ಬರೆಯಲು ಕೂತದ್ದು ಆಗ. ಆ ಪುಸ್ತಿಕೆಯ ಶಕ್ತಿ ಇರೋದು ಒಂದು ಸರಳವಾದ ಕೆಲಸದಲ್ಲಿ ಅಂತ ನನಗನಿಸುತ್ತೆ: ಅವನು ಸತ್ತವರ ಹೆಸರು ಬರೆದ. ಶೆಹೇಸ್, ಅವನನ್ನು ನೋಡಿಕೊಳ್ಳುತ್ತಿದ್ದ ಮಗಳು ಪೆಗ್ಗಿ, ಜಾನ್, ಹ್ಯಾರಿ... ಹೀಗೆ ಒಬ್ಬೊಬ್ಬರ ಸ್ವಭಾವ ಹೇಳಿ ಆಮೇಲೆ ಕೇಳಿದ, ಯಾರೋ ಇಂಡಿಯನ್ ನನ್ನ ಮನೆಯವರನ್ನು ಕೊಂದ ಅಂತ ಎಲ್ಲ ಇಂಡಿಯನ್ನರ ಮೇಲೂ ಸೇಡು ತೀರಿಸಿಕೊಳ್ಳಬಹುದಾ? ಹಾಗಾದರೆ ಕೆಂಪು ಕೂದಲಿನವನೊಬ್ಬ ನನ್ನವರನ್ನು ಕೊಂದರೆ ಕೆಂಪು ಕೂದಲಿನವರನ್ನೆಲ್ಲ ಕೊಲ್ಲಬಹುದೇ? ಕೊಂದವರನ್ನೇ ಅವನು ಕಾಡುಜನ ಅಂತ ಕರೆದ. ಗಡಿಯ ಜನ ಇದನ್ನು ಮರೆಯಲಿಲ್ಲ.

ಫೆಬ್ರವರಿಯಲ್ಲಿ ಸುಮಾರು 250 ಜನ ಪ್ಯಾಕ್ಸ್‌ಟನ್‌ನವರು ಫಿಲಡೆಲ್ಫಿಯಾ ಕಡೆಗೇ ಹೊರಟರು. ಅಲ್ಲಿ ಮೊರೇವಿಯನ್ ಪಾದ್ರಿಗಳ ಜೊತೆಗಿದ್ದ ನೂರಾ ನಲವತ್ತರಷ್ಟು ಕ್ರೈಸ್ತ ಇಂಡಿಯನ್ನರಿಗೆ ಆಶ್ರಯ ಕೊಟ್ಟಿದ್ದರು, ಅವರೇ ಗುರಿ. ಊರಲ್ಲಿ ಗಂಟೆ ಬಾರಿಸಿದರು, ಫಿರಂಗಿ ಎಳೆದು ತಂದರು. ಯುದ್ಧವೇ ಪಾಪ ಅನ್ನುತ್ತಿದ್ದ ಕ್ವೇಕರ್ ಹುಡುಗರೂ ಕೋವಿ ಹಿಡಿದು ನಿಂತರು! ಸಹಾಯಕ್ಕೆ ಅಂತ ಕುದುರೆ ಮೇಲೆ ಬಂದ ಜರ್ಮನ್ ಕಟುಕರ ಗುಂಪನ್ನೇ ಶತ್ರುಗಳು ಅಂದುಕೊಂಡು ಫಿರಂಗಿ ಹಾರಿಸೋದರಲ್ಲಿದ್ದರು. ಗವರ್ನರ್ ಜಾನ್ ಪೆನ್ ಅರ್ಧರಾತ್ರಿ ಫ್ರಾಂಕ್ಲಿನ್ ಮನೆಗೆ ಓಡಿ ಬಂದು ಸಲಹೆ ಕೇಳಿದ. ತನ್ನ ಕುಟುಂಬದ ಪರಮ ವೈರಿಯ ಮನೆಗೆ! ಕೊನೆಗೆ ಫ್ರಾಂಕ್ಲಿನ್ ಮತ್ತಿತರರು ಜರ್ಮನ್‌ಟೌನ್‌ಗೆ ಹೋಗಿ ಮಾತಾಡಿ, ನಿಮ್ಮ ದೂರನ್ನು ಬರೆದುಕೊಡಿ ಅಂತ ಒಪ್ಪಿಸಿ ಅವರನ್ನು ವಾಪಸ್ ಕಳಿಸಿದರು. ಮ್ಯಾಥ್ಯೂ ಸ್ಮಿತ್ ಮತ್ತು ಜೇಮ್ಸ್ ಗಿಬ್ಸನ್ ಅನ್ನೋ ಇಬ್ಬರು ಉಳಿದು ಮನವಿ ಕೊಟ್ಟರು. 26 ಮತ್ತು 10ರ ಲೆಕ್ಕ ಇರೋದು ಅದರಲ್ಲೇ. ನ್ಯಾಯವಾದ ಬೇಡಿಕೆ. ಅದೇ ಮನವಿಯಲ್ಲಿ, ಇಂಡಿಯನ್ನರ ನೆತ್ತಿಯ ಚರ್ಮಕ್ಕೆ ಬಹುಮಾನ ಕೊಡಿ ಅನ್ನೋ ಬೇಡಿಕೆಯೂ ಇದೆ.

ಈಗ ಬಂತು ನೋಡಿ ಲೆಕ್ಕಾಚಾರ. ಕ್ವೇಕರ್ ಪಕ್ಷವನ್ನು ಸೋಲಿಸಬೇಕಾದರೆ ಪ್ರೆಸ್ಬಿಟೇರಿಯನ್ನರ ಮತ ಬೇಕು ಅನ್ನೋದು ಪೆನ್ ಕಡೆಯವರಿಗೆ ಹೊಳೆಯಿತು. ಕೊಲೆಗಾರರ ವಿಚಾರಣೆ ಮಾತೇ ನಿಂತುಹೋಯ್ತು. ಜುಲೈನಲ್ಲಿ ಅದೇ ಜಾನ್ ಪೆನ್ ಶತ್ರು ಇಂಡಿಯನ್ನರ ನೆತ್ತಿಗೆ ಬಹುಮಾನ ಘೋಷಿಸಿದ, ಹೆಂಗಸರದ್ದಕ್ಕೂ ಸೇರಿ. ತಾತ ಒಪ್ಪಂದ ಮಾಡಿಕೊಂಡವನು, ಮೊಮ್ಮಗ ಹೀಗೆ.

ಫ್ರಾಂಕ್ಲಿನ್ನನೂ ಸಂತನೇನಲ್ಲ. ಈ ಗಲಾಟೆಯನ್ನೇ ಹಿಡಿದುಕೊಂಡು, ಪೆನ್ ಮನೆತನವನ್ನು ಕಿತ್ತುಹಾಕಿ ಸೀಮೆಯನ್ನು ನೇರ ದೊರೆಯ ಕೈಗೆ ಕೊಡಿಸೋ ತನ್ನ ಹಳೇ ಆಸೆಗೆ ಅರ್ಜಿ ಬರೆದ. ಆ ವರ್ಷ ಎರಡೂ ಕಡೆಯಿಂದ ಅರವತ್ತಕ್ಕೂ ಹೆಚ್ಚು ಪುಸ್ತಿಕೆಗಳು ಅಚ್ಚಾದವು, ಜೊತೆಗೆ ವ್ಯಂಗ್ಯಚಿತ್ರಗಳು. ಜರ್ಮನ್ ವಲಸಿಗರನ್ನು ಹೀಯಾಳಿಸಿ ಅವನು ಹಿಂದೆ ಯಾವಾಗಲೋ ಬರೆದ ಒಂದು ಸಾಲನ್ನು ಎದುರಾಳಿಗಳು ಹುಡುಕಿ ತೆಗೆದು ಹಂಚಿದರು. ಅಕ್ಟೋಬರ್‌ನಲ್ಲಿ ಜರ್ಮನ್ನರೂ ಪ್ರೆಸ್ಬಿಟೇರಿಯನ್ನರೂ ಸೇರಿ ಅವನನ್ನು ಮನೆಗೆ ಕಳಿಸಿದರು. ಆದರೂ ಸಭೆಯಲ್ಲಿ ಅವನ ಪಕ್ಷಕ್ಕೇ ಬಹುಮತ ಇದ್ದದ್ದರಿಂದ ಮತ್ತೆ ಪ್ರತಿನಿಧಿಯಾಗಿ ಲಂಡನ್ನಿಗೆ ಹೋದ, ತಿರುಗಿ ಬಂದದ್ದು 1775ರಲ್ಲಿ.

ಫಿಲಡೆಲ್ಫಿಯಾದ ಬ್ಯಾರಕ್ಕಿನಲ್ಲಿದ್ದ ಇಂಡಿಯನ್ನರಲ್ಲಿ ಐವತ್ತಕ್ಕೂ ಹೆಚ್ಚು ಜನ ಸಿಡುಬು ಮತ್ತಿತರ ರೋಗಗಳಿಂದ ಸತ್ತರು. ಉಳಿದವರು 1765ರಲ್ಲಿ ಊರು ಬಿಟ್ಟರು, ಮುಂದೆ ಆ ಸಭೆಯವರು ಓಹಾಯೊವರೆಗೂ ಹೋದರು. 1782ರ ಮಾರ್ಚ್‌ನಲ್ಲಿ ಅಲ್ಲಿನ ನಾಡೆನ್‌ಹ್ಯೂಟೆನ್‌ನಲ್ಲಿ ಅದೇ ಮೊರೇವಿಯನ್ ಸಭೆಯ 96 ಜನರನ್ನು ಪೆನ್ಸಿಲ್ವೇನಿಯಾದ ಮಿಲಿಷಿಯಾ ಕೊಂದುಹಾಕಿತು. ಪ್ಯಾಕ್ಸ್‌ಟನ್ ಮುಂದಾಳುಗಳಲ್ಲೊಬ್ಬನಾದ ಲಾಜರಸ್ ಸ್ಟುವರ್ಟ್ ಮುಂದೆ ವಯೋಮಿಂಗ್ ಕಣಿವೆಗೆ ಹೋಗಿ ಪೆನ್ ಸರ್ಕಾರದ ವಿರುದ್ಧವೇ ಬಂದೂಕು ಹಿಡಿದ, 1778ರ ಜುಲೈನಲ್ಲಿ ಅಲ್ಲಿನ ಕದನದಲ್ಲಿ ಸತ್ತ.

ಲ್ಯಾಂಕಾಸ್ಟರ್‌ನಲ್ಲಿ ಆ ಜೈಲಿದ್ದ ಜಾಗದ ಮೇಲೆ 1852ರಲ್ಲಿ ಫುಲ್ಟನ್ ಹಾಲ್ ಅನ್ನೋ ಸಭಾಂಗಣ ಎದ್ದಿತು. ಈಗ ಅದು ಫುಲ್ಟನ್ ಥಿಯೇಟರ್, ನಾಟಕ ನಡೆಯುತ್ತೆ. ಅದರ ಹಿಂಬದಿಯ ಗೋಡೆಯ ಬುಡದಲ್ಲಿ ಹಳೇ ಜೈಲಿನ ಕಲ್ಲುಗಳು ಹಾಗೇ ಇವೆ.