ದಂತ ಇಂಪ್ಲಾಂಟ್ ಚಿಕಿತ್ಸೆ

ದಂತ ಇಂಪ್ಲಾಂಟ್ ಎಂಬುದು ಕಳೆದುಹೋದ ಹಲ್ಲಿನ ಬೇರಿಗೆ ಬದಲಾಗಿ ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು. ಸಾಮಾನ್ಯವಾಗಿ ಇದು ತಿರುಪಿನ ಆಕಾರದಲ್ಲಿದ್ದು, ಟೈಟೇನಿಯಂ ಲೋಹದಿಂದ ಮಾಡಲ್ಪಟ್ಟಿರುತ್ತದೆ. ಇದರ ಮೇಲೆ ಒಂಟಿ ಹಲ್ಲನ್ನು, ಹಲವು ಹಲ್ಲುಗಳ ಸೇತುವೆಯನ್ನು ಅಥವಾ ಪೂರ್ಣ ಹಲ್ಲುಸೆಟ್ಟನ್ನು ಜೋಡಿಸಬಹುದು. ಈ ಚಿಕಿತ್ಸೆಯು ಶಸ್ತ್ರಚಿಕಿತ್ಸೆ, ಒಸಡಿನ ಆರೈಕೆ ಮತ್ತು ಕೃತಕ ದಂತ ನಿರ್ಮಾಣ ಎಂಬ ಮೂರು ಶಾಖೆಗಳ ಕೌಶಲವನ್ನು ಬೇಡುತ್ತದೆ. ಆದುದರಿಂದ ಇದರ ಬೆಳವಣಿಗೆಯಲ್ಲಿ ಪ್ರಯೋಗಾಲಯದ ಸಂಶೋಧನೆಯಷ್ಟೇ ದಂತವೈದ್ಯರು ತಮ್ಮ ಯಶಸ್ಸು ಮತ್ತು ವೈಫಲ್ಯಗಳನ್ನು ಲೆಕ್ಕವಿಟ್ಟು ಪರಸ್ಪರ ಹಂಚಿಕೊಂಡ ಪದ್ಧತಿಯೂ ಮುಖ್ಯ ಪಾತ್ರ ವಹಿಸಿದೆ.

ರಚನೆ

ಇಂಪ್ಲಾಂಟ್ ಆಧಾರಿತ ಹಲ್ಲಿನಲ್ಲಿ ಮೂರು ಭಾಗಗಳಿವೆ. ಮೂಳೆಯೊಳಗಿರುವ ತಿರುಪು ಮೊದಲನೆಯದು. ಒಸಡನ್ನು ದಾಟಿ ಮೇಲೆ ಬರುವ ಜೋಡಣೆಯ ಭಾಗಕ್ಕೆ ಅಬಟ್‌ಮೆಂಟ್ ಎಂದು ಹೆಸರು. ಬಾಯಲ್ಲಿ ಕಾಣುವ ಹಲ್ಲಿನ ಭಾಗವು ಕ್ರೌನ್. ಕ್ರೌನನ್ನು ಅಬಟ್‌ಮೆಂಟಿಗೆ ತಿರುಪಿನಿಂದ ಬಿಗಿಯಬಹುದು ಅಥವಾ ಸಿಮೆಂಟಿನಿಂದ ಅಂಟಿಸಬಹುದು. ಶುದ್ಧ ಟೈಟೇನಿಯಂ ಮತ್ತು ಅದರ ಮಿಶ್ರಲೋಹಗಳು ಹೆಚ್ಚು ಬಳಕೆಯಲ್ಲಿವೆ. ಲೋಹವಿಲ್ಲದ ಜಿರ್ಕೋನಿಯಾ ಇಂಪ್ಲಾಂಟುಗಳೂ ಲಭ್ಯವಿವೆ.

ಸಹಜ ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ತೆಳುವಾದ ನಾರುಪೊರೆಯೊಂದು ಇರುತ್ತದೆ. ಅಗಿಯುವ ಒತ್ತಡವನ್ನು ಹೀರುವ ಮತ್ತು ಆ ಒತ್ತಡದ ಅರಿವನ್ನು ನೀಡುವ ಕೆಲಸ ಅದರದು. ಇಂಪ್ಲಾಂಟಿನ ಸುತ್ತ ಈ ಪೊರೆ ಇರುವುದಿಲ್ಲ. ಲೋಹವು ನೇರವಾಗಿ ಮೂಳೆಗೆ ಹೊಂದಿಕೊಂಡಿರುತ್ತದೆ. ಆದ್ದರಿಂದ ಕ್ರೌನಿನ ಕಚ್ಚುವಿಕೆಯನ್ನು ಎಚ್ಚರಿಕೆಯಿಂದ ಸರಿಹೊಂದಿಸಬೇಕಾಗುತ್ತದೆ. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಲ್ಲಿ ಇಂಪ್ಲಾಂಟ್ ಕೂರಿಸುವುದನ್ನು ಸಾಮಾನ್ಯವಾಗಿ ಮುಂದೂಡಲಾಗುತ್ತದೆ. ಪಕ್ಕದ ಹಲ್ಲುಗಳು ದವಡೆಯೊಂದಿಗೆ ಮೇಲೆದ್ದು ಬಂದರೂ ಇಂಪ್ಲಾಂಟ್ ಇದ್ದಲ್ಲೇ ಉಳಿದು, ಕ್ರಮೇಣ ತಗ್ಗಿದಂತೆ ಕಾಣುವುದೇ ಇದಕ್ಕೆ ಕಾರಣ.

ಇತಿಹಾಸ

ಹೊಂಡುರಾಸಿನಲ್ಲಿ 1931ರಲ್ಲಿ ದೊರೆತ, ಸುಮಾರು ಕ್ರಿ.ಶ. 600ರ ಕಾಲದ ಕೆಳದವಡೆಯ ತುಣುಕಿನಲ್ಲಿ ಹಲ್ಲಿನ ಆಕಾರಕ್ಕೆ ಕೊರೆದ ಚಿಪ್ಪಿನ ಮೂರು ತುಂಡುಗಳಿದ್ದವು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಪ್ಲಾಟಿನಂ ಮಿಶ್ರಲೋಹದ ಜಾಲರಿಯಾಕಾರದ ಬೇರನ್ನು ರೂಪಿಸಿದರು. 1940ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾವ್ ಡಾಲ್ ಮೂಳೆಯ ಮೇಲೆ, ಒಸಡಿನ ಕೆಳಗೆ ಕೂರುವ ಚೌಕಟ್ಟನ್ನು ಪರಿಚಯಿಸಿದರು. 1960ರ ದಶಕದಲ್ಲಿ ಅಮೆರಿಕದ ಲೆನಾರ್ಡ್ ಲಿಂಕೋ ಅವರ ಅಲಗಿನಾಕಾರದ ಇಂಪ್ಲಾಂಟ್ ಬಳಕೆಗೆ ಬಂದಿತು. ಈ ವಿಧಾನಗಳಲ್ಲಿ ಕೆಲವು ದೀರ್ಘಕಾಲ ಬಾಳಿದ್ದುಂಟು. ಆದರೆ ಯಾವ ರೋಗಿಯಲ್ಲಿ ಉಳಿಯುತ್ತದೆ, ಯಾವ ರೋಗಿಯಲ್ಲಿ ಸಡಿಲವಾಗುತ್ತದೆ ಎಂಬುದನ್ನು ಮೊದಲೇ ಹೇಳುವಷ್ಟು ವ್ಯವಸ್ಥಿತ ದಾಖಲೆ ಇರಲಿಲ್ಲ.

ಆಧುನಿಕ ಇಂಪ್ಲಾಂಟಿನ ಮೂಲ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ (1929–2014) ಅವರ ಸಂಶೋಧನೆಯಲ್ಲಿದೆ. 1950ರ ದಶಕದಲ್ಲಿ ಅವರು ಲುಂಡ್ ನಗರದಲ್ಲಿ ಮೊಲಗಳ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಉಪಕರಣಗಳನ್ನು ಅಳವಡಿಸಿ ರಕ್ತಸಂಚಾರವನ್ನು ಅಧ್ಯಯನ ಮಾಡುತ್ತಿದ್ದರು. ಅಧ್ಯಯನ ಮುಗಿದ ಮೇಲೆ ಆ ಉಪಕರಣಗಳು ಮೂಳೆಯಿಂದ ಬಿಡಿಸಲಾಗದಷ್ಟು ಬಲವಾಗಿ ಅಂಟಿಕೊಂಡಿರುವುದು ಕಂಡುಬಂದಿತು. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಅವರು ಮೊದಲ ರೋಗಿಯ ಕೆಳದವಡೆಗೆ ಟೈಟೇನಿಯಂ ಇಂಪ್ಲಾಂಟುಗಳನ್ನು ಕೂರಿಸಿದರು. ಆ ಹಲ್ಲುಗಳು ರೋಗಿಯ ಜೀವಿತಾವಧಿಯ ಕೊನೆಯವರೆಗೆ, ಅಂದರೆ 40 ವರ್ಷಗಳಿಗೂ ಹೆಚ್ಚು ಕಾಲ, ಬಳಕೆಯಲ್ಲಿದ್ದವು. ಮೂಳೆ ಮತ್ತು ಲೋಹದ ಈ ನೇರ ಬೆಸುಗೆಗೆ ಆಸಿಯೋಇಂಟಿಗ್ರೇಷನ್ ಎಂಬ ಹೆಸರು 1977ರಲ್ಲಿ ಪ್ರಚಾರಕ್ಕೆ ಬಂದಿತು. ಇದೇ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆಂದ್ರೆ ಶ್ರೋಡರ್ ಸ್ವತಂತ್ರವಾಗಿ ಸಮಾನ ಫಲಿತಾಂಶಗಳನ್ನು ವರದಿ ಮಾಡಿದರು.

1981ರಲ್ಲಿ ಗೋಥೆನ್‌ಬರ್ಗ್ ತಂಡವು 15 ವರ್ಷಗಳ ಲೆಕ್ಕವನ್ನು ಪ್ರಕಟಿಸಿತು. 371 ರೋಗಿಗಳ, ಹಲ್ಲಿಲ್ಲದ 410 ದವಡೆಗಳಲ್ಲಿ 2,768 ಇಂಪ್ಲಾಂಟುಗಳನ್ನು ಕೂರಿಸಲಾಗಿತ್ತು. ಐದರಿಂದ ಒಂಬತ್ತು ವರ್ಷಗಳ ಕಾಲ ಗಮನಿಸಿದ ಗುಂಪಿನಲ್ಲಿ ಮೇಲ್ದವಡೆಯ ಶೇ. 81 ಮತ್ತು ಕೆಳದವಡೆಯ ಶೇ. 91ರಷ್ಟು ಇಂಪ್ಲಾಂಟುಗಳು ಸ್ಥಿರವಾಗಿದ್ದವು. ಕಳೆದುಕೊಂಡವುಗಳನ್ನೂ ಸೇರಿಸಿ ಎಲ್ಲ ರೋಗಿಗಳ ಲೆಕ್ಕ ಕೊಟ್ಟಿದ್ದುದು ಈ ವರದಿಯ ವೈಶಿಷ್ಟ್ಯ. 1982ರಲ್ಲಿ ಜಾರ್ಜ್ ಜಾರ್ಬ್ ಅವರ ನೇತೃತ್ವದಲ್ಲಿ ಕೆನಡಾದ ಟೊರಾಂಟೋದಲ್ಲಿ ನಡೆದ ಸಮ್ಮೇಳನವು ಈ ಫಲಿತಾಂಶಗಳನ್ನು ಉತ್ತರ ಅಮೆರಿಕದ ದಂತವೈದ್ಯ ಶಿಕ್ಷಕರ ಮುಂದಿಟ್ಟಿತು. ಆನಂತರ ಈ ಚಿಕಿತ್ಸೆ ವಿಶ್ವವಿದ್ಯಾಲಯಗಳ ಪಠ್ಯಕ್ರಮವನ್ನು ಪ್ರವೇಶಿಸಿತು.

ರೋಗಿಯ ಆಯ್ಕೆ ಮತ್ತು ಯೋಜನೆ

ಚಿಕಿತ್ಸೆಯ ಫಲಿತಾಂಶವು ಬಹುಮಟ್ಟಿಗೆ ಶಸ್ತ್ರಕ್ರಿಯೆಗೆ ಮುಂಚಿನ ತೀರ್ಮಾನಗಳನ್ನು ಅವಲಂಬಿಸಿದೆ. ನಿಯಂತ್ರಣದಲ್ಲಿಲ್ಲದ ಮಧುಮೇಹ, ಧೂಮಪಾನ ಮತ್ತು ಹಿಂದಿನ ಒಸಡು ರೋಗ ಅಪಾಯವನ್ನು ಹೆಚ್ಚಿಸುತ್ತವೆ. ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಹಾಗೂ ಮೂಳೆ ಸವಕಳಿ ಅಥವಾ ಕ್ಯಾನ್ಸರಿಗಾಗಿ ಬಿಸ್ಫಾಸ್ಫೋನೇಟ್ ಗುಂಪಿನ ಔಷಧ ಸೇವಿಸುವವರಲ್ಲಿ ದವಡೆಮೂಳೆ ಕೊಳೆಯುವ ಸಾಧ್ಯತೆಯನ್ನು ಪರಿಗಣಿಸಬೇಕಾಗುತ್ತದೆ. ಅಡಿಕೆ ಮತ್ತು ಗುಟ್ಕಾ ಜಗಿಯುವವರಲ್ಲಿ ಕಂಡುಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಬಾಯಿ ತೆರೆಯುವುದೇ ಕಷ್ಟವಾಗುವುದರಿಂದ, ಹಿಂಭಾಗದ ಹಲ್ಲುಗಳ ಜಾಗಕ್ಕೆ ಉಪಕರಣ ತಲುಪಿಸುವುದು ದುಸ್ಸಾಧ್ಯವಾಗಬಹುದು.

ಮೂಳೆಯ ಎತ್ತರ, ಅಗಲ ಮತ್ತು ಸಾಂದ್ರತೆಯನ್ನು ಕೋನ್ ಬೀಮ್ ಸಿ.ಟಿ. ಚಿತ್ರದ ನೆರವಿನಿಂದ ಅಳೆಯಲಾಗುತ್ತದೆ. ಇಂಪ್ಲಾಂಟ್ ಮತ್ತು ಪಕ್ಕದ ಹಲ್ಲಿನ ನಡುವೆ ಕನಿಷ್ಠ 1.5 ಮಿ.ಮೀ., ಎರಡು ಇಂಪ್ಲಾಂಟುಗಳ ನಡುವೆ 3 ಮಿ.ಮೀ. ಮತ್ತು ಕೆಳದವಡೆಯ ನರನಾಳದಿಂದ 2 ಮಿ.ಮೀ. ಅಂತರವಿರಬೇಕೆಂಬುದು ವ್ಯಾಪಕವಾಗಿ ಒಪ್ಪಿತವಾದ ನಿಯಮ. ಕ್ರೌನ್ ಎಲ್ಲಿ ಬರಬೇಕೆಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಬೇರಿನ ಸ್ಥಾನವನ್ನು ಗುರುತಿಸುವುದು ಇಂದಿನ ಪದ್ಧತಿ. ಮೂಳೆ ಸಾಲದಿದ್ದರೆ ಮೂಳೆ ಕಸಿ ಅಥವಾ ಮೇಲ್ದವಡೆಯ ಸೈನಸ್ ಕುಳಿಯ ತಳವನ್ನು ಎತ್ತರಿಸುವ ಶಸ್ತ್ರಕ್ರಿಯೆ ಅಗತ್ಯವಾಗಬಹುದು.

ಎಲ್ಲ ರೋಗಿಗಳಿಗೂ ಪ್ರತಿ ಹಲ್ಲಿಗೊಂದು ಇಂಪ್ಲಾಂಟ್ ಬೇಕಾಗುವುದಿಲ್ಲ. ಹಲ್ಲಿಲ್ಲದ ಕೆಳದವಡೆಗೆ ಕನಿಷ್ಠ ಎರಡು ಇಂಪ್ಲಾಂಟುಗಳ ಆಧಾರದ ಮೇಲೆ ನಿಲ್ಲುವ ಹಲ್ಲುಸೆಟ್ಟು ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಅಭಿಪ್ರಾಯಪಟ್ಟರು. ಪೋರ್ಚುಗಲ್ಲಿನ ಪೌಲೋ ಮಾಲೋ ಜನಪ್ರಿಯಗೊಳಿಸಿದ ವಿಧಾನದಲ್ಲಿ ನಾಲ್ಕು ಇಂಪ್ಲಾಂಟುಗಳ ಮೇಲೆ ಇಡೀ ದವಡೆಯ ಹಲ್ಲುಗಳನ್ನು ನಿಲ್ಲಿಸಲಾಗುತ್ತದೆ.

ಶಸ್ತ್ರಕ್ರಿಯೆ

ಸ್ಥಳೀಯ ಅರಿವಳಿಕೆ ನೀಡಿ, ಮೂಳೆಯಲ್ಲಿ ಹಂತಹಂತವಾಗಿ ದೊಡ್ಡದಾಗುವ ಬೈರಿಗೆಗಳಿಂದ ರಂಧ್ರ ಕೊರೆಯಲಾಗುತ್ತದೆ. ಮೂಳೆಯ ಉಷ್ಣತೆ ಒಂದು ನಿಮಿಷ ಕಾಲ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಗುಣವಾಗುವಿಕೆಗೆ ಹಾನಿಯಾಗುತ್ತದೆಂದು 1980ರ ದಶಕದ ಪ್ರಾಣಿ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಹರಿತವಾದ ಬೈರಿಗೆ ಮತ್ತು ತಂಪಾದ ಲವಣದ್ರಾವಣದ ಸತತ ಸಿಂಚನ ಅತ್ಯಗತ್ಯ. ಮೂಲ ಸ್ವೀಡಿಷ್ ಪದ್ಧತಿಯಲ್ಲಿ ಇಂಪ್ಲಾಂಟನ್ನು ಒಸಡಿನ ಕೆಳಗೆ ಹುದುಗಿಸಿ, ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲ್ದವಡೆಯಲ್ಲಿ ಸುಮಾರು ಆರು ತಿಂಗಳು ಕಾಯುತ್ತಿದ್ದರು. ಈಗ ಮೇಲ್ಮೈ ಸಂಸ್ಕರಣೆಯ ಸುಧಾರಣೆಯಿಂದ ಈ ಅವಧಿ ಕಡಿಮೆಯಾಗಿದೆ. ಇಂಪ್ಲಾಂಟ್ ಸಾಕಷ್ಟು ಬಿಗಿಯಾಗಿ ಕೂತಿದ್ದರೆ, ಆಯ್ದ ರೋಗಿಗಳಲ್ಲಿ ತಾತ್ಕಾಲಿಕ ಹಲ್ಲನ್ನು ಕೂಡಲೇ ಜೋಡಿಸುವುದೂ ಉಂಟು.

ಯಶಸ್ಸಿನ ಮಾನದಂಡ

ಬಾಯಲ್ಲಿ ಉಳಿದಿರುವ ಇಂಪ್ಲಾಂಟೆಲ್ಲ ಯಶಸ್ವಿ ಇಂಪ್ಲಾಂಟ್ ಅಲ್ಲ. 1986ರಲ್ಲಿ ಆಲ್‌ಬ್ರೆಕ್ಟ್‌ಸನ್ ಮತ್ತು ಸಹೋದ್ಯೋಗಿಗಳು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವ ಮಾನದಂಡಗಳನ್ನು ಮುಂದಿಟ್ಟರು. ಇಂಪ್ಲಾಂಟ್ ಅಲುಗಾಡಬಾರದು, ಕ್ಷಕಿರಣ ಚಿತ್ರದಲ್ಲಿ ಅದರ ಸುತ್ತ ಕಪ್ಪು ಅಂಚು ಕಾಣಬಾರದು, ಮೊದಲ ವರ್ಷದ ನಂತರ ವಾರ್ಷಿಕ ಮೂಳೆ ನಷ್ಟ 0.2 ಮಿ.ಮೀ.ಗಿಂತ ಕಡಿಮೆಯಿರಬೇಕು, ನಿರಂತರ ನೋವು, ಸೋಂಕು ಅಥವಾ ನರಹಾನಿ ಇರಬಾರದು. ಈ ಷರತ್ತುಗಳ ಮೇಲೆ ಐದು ವರ್ಷಗಳ ಕೊನೆಗೆ ಶೇ. 85 ಮತ್ತು ಹತ್ತು ವರ್ಷಗಳ ಕೊನೆಗೆ ಶೇ. 80ರಷ್ಟು ಯಶಸ್ಸು ಕನಿಷ್ಠ ಮಟ್ಟವೆಂದು ಅವರು ಸೂಚಿಸಿದರು.

ತೊಡಕುಗಳು

ಆರಂಭದ ವಾರಗಳಲ್ಲಿ ಮೂಳೆ ಬೆಸೆಯದೆ ಇಂಪ್ಲಾಂಟ್ ಸಡಿಲವಾಗಬಹುದು. ನರನಾಳಕ್ಕೆ ತಾಗಿದರೆ ಕೆಳತುಟಿ ಮತ್ತು ಗದ್ದ ಜೋಮು ಹಿಡಿಯುತ್ತವೆ. ತಿರುಪು ಸಡಿಲವಾಗುವುದು ಮತ್ತು ಪಿಂಗಾಣಿ ಚಕ್ಕೆಯೇಳುವುದು ಯಾಂತ್ರಿಕ ತೊಡಕುಗಳು.

ದೀರ್ಘಕಾಲದ ಮುಖ್ಯ ಸಮಸ್ಯೆ ಇಂಪ್ಲಾಂಟಿನ ಸುತ್ತಲಿನ ಉರಿಯೂತ. ಉರಿಯೂತವು ಒಸಡಿಗೆ ಸೀಮಿತವಾಗಿದ್ದರೆ ಅದು ಪೆರಿ-ಇಂಪ್ಲಾಂಟ್ ಮ್ಯೂಕೋಸೈಟಿಸ್. ಮೂಳೆಯೂ ಕರಗತೊಡಗಿದರೆ ಪೆರಿ-ಇಂಪ್ಲಾಂಟೈಟಿಸ್. ಮೊದಲನೆಯದು ಸ್ವಚ್ಛತೆಯಿಂದ ಗುಣವಾಗಬಲ್ಲದು. ಎರಡನೆಯದರ ಚಿಕಿತ್ಸೆ ಕಠಿಣ. ಸ್ವೀಡನ್ನಿನ ರಾಷ್ಟ್ರೀಯ ವಿಮಾ ದಾಖಲೆಗಳಿಂದ ಆಯ್ದ ರೋಗಿಗಳನ್ನು ಸುಮಾರು ಒಂಬತ್ತು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 45ರಷ್ಟು ಮಂದಿಯಲ್ಲಿ ಯಾವುದಾದರೂ ಮಟ್ಟದ ಪೆರಿ-ಇಂಪ್ಲಾಂಟೈಟಿಸ್ ಕಂಡುಬಂದಿತು. ಶೇ. 14.5ರಷ್ಟು ಮಂದಿಯಲ್ಲಿ ಅದು ಮಧ್ಯಮ ಅಥವಾ ತೀವ್ರ ಸ್ವರೂಪದ್ದಾಗಿತ್ತು. ಈ ಅಂಕಿಗಳು ಆಯ್ದ ತಜ್ಞ ಕೇಂದ್ರಗಳಿಗೆ ಸೀಮಿತವಾಗದೆ ಸಾಮಾನ್ಯ ಚಿಕಿತ್ಸಾಲಯಗಳ ರೋಗಿಗಳನ್ನೂ ಒಳಗೊಂಡಿದ್ದುದರಿಂದ ವೃತ್ತಿಯಲ್ಲಿ ಗಂಭೀರ ಚರ್ಚೆಗೆ ಕಾರಣವಾದವು. ಒಸಡಿನ ಕೆಳಗೆ ಉಳಿದುಬಿಡುವ ಸಿಮೆಂಟ್, ಸ್ವಚ್ಛಗೊಳಿಸಲು ಎಡೆಯಿಲ್ಲದ ಕ್ರೌನಿನ ಆಕಾರ ಮತ್ತು ನಿಯಮಿತ ತಪಾಸಣೆಯ ಅಭಾವ ತಪ್ಪಿಸಬಹುದಾದ ಕಾರಣಗಳಾಗಿವೆ.

ವೃತ್ತಿಪರರಲ್ಲಿ ಅನುಭವ ವಿನಿಮಯ

ಅಮೆರಿಕನ್ ಅಕಾಡೆಮಿ ಆಫ್ ಇಂಪ್ಲಾಂಟ್ ಡೆಂಟಿಸ್ಟ್ರಿ 1951ರಲ್ಲಿ ಆರಂಭವಾಯಿತು. 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟೀಮ್ ಫಾರ್ ಇಂಪ್ಲಾಂಟಾಲಜಿ ಹಲವು ದೇಶಗಳಲ್ಲಿ ಅಧ್ಯಯನ ಕೂಟಗಳನ್ನು ನಡೆಸುತ್ತದೆ. ಇಂತಹ ಕೂಟಗಳಲ್ಲಿ ಒಂದೇ ಊರಿನ ಅಥವಾ ಪ್ರದೇಶದ ದಂತವೈದ್ಯರು ಸೇರಿ, ಪ್ರತಿಯೊಬ್ಬರ ರೋಗಿಯ ಕ್ಷಕಿರಣ ಚಿತ್ರ, ಛಾಯಾಚಿತ್ರ ಮತ್ತು ಮಾದರಿಗಳನ್ನು ಮುಂದಿಟ್ಟು ಚಿಕಿತ್ಸೆಯ ಯೋಜನೆಯನ್ನು ಚರ್ಚಿಸುತ್ತಾರೆ. ಒಂಟಿ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವ ವೈದ್ಯರಿಗೆ ಎರಡನೆಯ ಅಭಿಪ್ರಾಯ ದೊರೆಯುವ ಮುಖ್ಯ ದಾರಿ ಇದು. ಹೊಸಬರು ಸರಳ ಪ್ರಕರಣಗಳಿಂದ ಆರಂಭಿಸಿ, ಕಷ್ಟದ ಪ್ರಕರಣಗಳನ್ನು ಅನುಭವಿಗಳಿಗೆ ಒಪ್ಪಿಸಬೇಕೆಂಬುದು ಇಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆ.

ಈ ವಿನಿಮಯಕ್ಕೆ ಮಿತಿಗಳೂ ಇವೆ. ವೈದ್ಯರು ತಮ್ಮ ಉತ್ತಮ ಪ್ರಕರಣಗಳನ್ನಷ್ಟೇ ಪ್ರದರ್ಶಿಸಿದಾಗ ಕೇಳುಗರಿಗೆ ಅಪಾಯದ ನಿಜವಾದ ಅಂದಾಜು ಸಿಗುವುದಿಲ್ಲ. ಹಲವು ತರಬೇತಿ ಶಿಬಿರಗಳನ್ನು ಇಂಪ್ಲಾಂಟ್ ತಯಾರಿಸುವ ಕಂಪನಿಗಳು ಪ್ರಾಯೋಜಿಸುವುದರಿಂದ ಹಿತಾಸಕ್ತಿಯ ಘರ್ಷಣೆಯ ಪ್ರಶ್ನೆಯೂ ಏಳುತ್ತದೆ. ರೋಗಿಯ ಗುರುತು ತಿಳಿಯುವ ಚಿತ್ರಗಳನ್ನು ಆತನ ಒಪ್ಪಿಗೆಯಿಲ್ಲದೆ ಹಂಚಿಕೊಳ್ಳುವುದು ವೃತ್ತಿಧರ್ಮಕ್ಕೆ ವಿರುದ್ಧ.

ಭಾರತದಲ್ಲಿ

ಭಾರತದಲ್ಲಿ ದಂತವೈದ್ಯ ವೃತ್ತಿಯ ನಿಯಂತ್ರಣವು 1948ರ ದಂತವೈದ್ಯರ ಕಾಯ್ದೆಯಿಂದ ಆರಂಭವಾಯಿತು. ಅದರ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಇಂಪ್ಲಾಂಟ್ ಚಿಕಿತ್ಸೆಗೆ ಪ್ರತ್ಯೇಕ ಎಂ.ಡಿ.ಎಸ್. ಶಾಖೆ ಇಲ್ಲ, ಕೃತಕ ದಂತಶಾಸ್ತ್ರ, ಒಸಡುಶಾಸ್ತ್ರ ಮತ್ತು ಬಾಯಿ-ದವಡೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವ್ಯಾಸಂಗದಲ್ಲಿ ಇದನ್ನು ಕಲಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಹಳೆಯ ಬೋಧನಾ ಸಂಸ್ಥೆಗಳಲ್ಲಿ ಸೇರಿವೆ.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದಿತು. 2008ರ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು, ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಅಪಾಯಗಳನ್ನು ತಿಳಿಸಿ ರೋಗಿಯ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಇಂಪ್ಲಾಂಟ್ ಚಿಕಿತ್ಸೆ ದುಬಾರಿಯೂ ತಿಂಗಳುಗಟ್ಟಲೆ ನಡೆಯುವಂಥದೂ ಆದುದರಿಂದ ಲಿಖಿತ ಒಪ್ಪಿಗೆ, ಹಂತವಾರು ವೆಚ್ಚದ ಪಟ್ಟಿ ಮತ್ತು ಕ್ಷಕಿರಣ ದಾಖಲೆಗಳಿಗೆ ವಿಶೇಷ ಮಹತ್ವವಿದೆ. ಇಂಪ್ಲಾಂಟುಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತವೆ. ಇಂಪ್ಲಾಂಟಿನ ಹೆಸರು, ಅಳತೆ ಮತ್ತು ತಯಾರಿಕಾ ಸಂಖ್ಯೆಯಿರುವ ಚೀಟಿಯ ಒಂದು ಪ್ರತಿಯನ್ನು ರೋಗಿಗೆ ಕೊಡುವುದು ಉತ್ತಮ ಪದ್ಧತಿ. ರೋಗಿ ಊರು ಬದಲಾಯಿಸಿದರೆ, ಅಥವಾ ಚಿಕಿತ್ಸೆ ನೀಡಿದ ವೈದ್ಯರು ನಿವೃತ್ತರಾದರೆ, ಸಡಿಲವಾದ ತಿರುಪಿಗೆ ಸರಿಹೊಂದುವ ಉಪಕರಣವನ್ನು ಗುರುತಿಸಲು ಆ ಚೀಟಿಯೇ ಆಧಾರವಾಗುತ್ತದೆ.

ನಿರ್ವಹಣೆ

ಇಂಪ್ಲಾಂಟಿಗೆ ಹುಳುಕು ಹಿಡಿಯದಿದ್ದರೂ ಅದರ ಸುತ್ತಲಿನ ಒಸಡು ಮತ್ತು ಮೂಳೆ ರೋಗಕ್ಕೆ ತುತ್ತಾಗುತ್ತವೆ. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಸಂದಿಗಳಿಗೆ ಸಣ್ಣ ಬ್ರಷ್ ಬಳಸುವುದು ಮತ್ತು ತಂಬಾಕು ತ್ಯಜಿಸುವುದು ಅಗತ್ಯ. ತಪಾಸಣೆಯ ಅಂತರವನ್ನು ರೋಗಿಯ ಅಪಾಯಕ್ಕೆ ತಕ್ಕಂತೆ ನಿಗದಿಪಡಿಸಲಾಗುತ್ತದೆ. ಕ್ರೌನ್ ಜೋಡಿಸಿದ ಸಮಯದ ಕ್ಷಕಿರಣ ಚಿತ್ರವನ್ನು ಕಾಪಾಡಿಕೊಂಡರೆ, ಮುಂದಿನ ವರ್ಷಗಳ ಮೂಳೆಯ ಮಟ್ಟವನ್ನು ಅದರೊಂದಿಗೆ ಹೋಲಿಸಿ ಮೂಳೆ ನಷ್ಟವನ್ನು ಬೇಗನೆ ಗುರುತಿಸಬಹುದು.