ಹಳೆಯ ಡಯಲ್‌ಗೆ ಹೊಸ ಬಣ್ಣ ಬೇಡ

ಕಾರ್ಖಾನೆ ನಡೆಯುತ್ತಿದ್ದಾಗ ಕೇಳುವವರಿಲ್ಲದೆ, ಬಾಗಿಲು ಮುಚ್ಚಿದ ಮೇಲೆ ಹುಡುಕಾಟ ಶುರುವಾದ ವಸ್ತುಗಳಲ್ಲಿ ಎಚ್‌ಎಂಟಿ ಕೈಗಡಿಯಾರವೂ ಒಂದು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಅಲ್ಲಿಯವರೆಗೆ ಬೀರುವಿನ ಮೂಲೆಯಲ್ಲಿ ಬಿದ್ದಿದ್ದ ಅಪ್ಪನ 'ಜನತಾ', ತಾತನ 'ಪೈಲಟ್', ಮದುವೆಯಲ್ಲಿ ಅಳಿಯನಿಗೆ ಕೊಟ್ಟ 'ಸೋನಾ' ಈಗ ಸಂಗ್ರಹಕಾರರು ಬೆನ್ನು ಹತ್ತುವ ವಸ್ತುಗಳಾಗಿವೆ. ಈ ಹೊಸ ಬೇಡಿಕೆಯಿಂದಲೇ ಅವುಗಳಿಗೆ ಅಪಾಯವೂ ಬಂದಿದೆ.

ವಾಚು ಪ್ರಿಯರು 'ಡ್ರೆಸ್ ವಾಚ್' ಎಂದು ಕರೆಯುವುದು ಸಭೆ ಸಮಾರಂಭಗಳಿಗೆ ಕಟ್ಟಿಕೊಂಡು ಹೋಗುವ ಸರಳ ವಾಚನ್ನು. ಅದು ತೆಳ್ಳಗಿರಬೇಕು, ಅಂಗಿಯ ತೋಳಿನೊಳಗೆ ತಡೆಯಿಲ್ಲದೆ ಜಾರಬೇಕು. ಡಯಲ್ ಮೇಲೆ ಗಂಟೆಯ ಗುರುತುಗಳು, ಮುಳ್ಳುಗಳು, ತಯಾರಕರ ಹೆಸರು ಇದ್ದರೆ ಸಾಕು. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಕಂಪನಿ 1932ರಲ್ಲಿ ಹೊರತಂದ 'ಕಲಾತ್ರಾವ' ಎಂಬ ದುಂಡನೆಯ ವಾಚು ಈ ಅಭಿರುಚಿಗೆ ಮಾದರಿಯಾಯಿತು. ಅದು ಸಿರಿವಂತರ ಸೊತ್ತು. ಅಂಥದೇ ಸರಳತೆ ಗುಮಾಸ್ತರ, ಶಾಲಾ ಮೇಷ್ಟ್ರುಗಳ ಮಣಿಕಟ್ಟಿಗೆ ಬಂದದ್ದು ಬೆಂಗಳೂರಿನ ಮೂಲಕ.

ಯಂತ್ರೋಪಕರಣ ತಯಾರಿಕೆಗಾಗಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಆವರೆಗೆ ಕೈಗಡಿಯಾರವೆಂದರೆ ಆಮದು ಸರಕು; ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್ ಮುಂತಾದ ಸ್ವಿಸ್ ಹೆಸರುಗಳೇ ಜನರ ಬಾಯಲ್ಲಿ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಎಚ್‌ಎಂಟಿಯ ವಾಚು ಕಾರ್ಖಾನೆಗಳು ಎದ್ದವು.

ಕಟ್ಟುನಿಟ್ಟಾಗಿ ನೋಡಿದರೆ ಇವುಗಳಲ್ಲಿ ಡ್ರೆಸ್ ವಾಚ್ ಎನಿಸಿಕೊಳ್ಳುವುದು ಚಿನ್ನದ ಲೇಪದ, ತೆಳ್ಳನೆಯ ಸೋನಾ. ಜನತಾ ದಿನಬಳಕೆಯ ವಾಚು. ಆದರೂ ಸುಮಾರು 35 ಮಿ.ಮೀ. ಅಗಲದ ಅದರ ಬಿಳಿ ಮುಖದಲ್ಲಿ ಅನಗತ್ಯವಾದದ್ದು ಏನೂ ಇಲ್ಲ. ದೇವನಾಗರಿ ಅಂಕಿಗಳ ಜನತಾ ಕೂಡ ತಯಾರಾಗಿತ್ತು. ತಟ್ಟೆಯಗಲದ ವಾಚು ಕಟ್ಟುವ ಇಂದಿನವರಿಗೆ ಅದು ಹೆಂಗಸರ ವಾಚಿನಂತೆ ಕಾಣಬಹುದು. ಒಂದು ವಾರ ಕಟ್ಟಿ ನೋಡಿದರೆ ಕಣ್ಣು ಒಗ್ಗುತ್ತದೆ.

ಡಯಲ್ ಮೇಲಿನ '17 ಜ್ಯುವೆಲ್ಸ್' ಎಂಬ ಬರಹ ನೋಡಿ ಒಳಗೆ ಬೆಲೆಬಾಳುವ ಹರಳುಗಳಿವೆ ಎಂದು ನಂಬಿದವರು ಕಡಿಮೆಯೇನಲ್ಲ. ಅವು ಕೃತಕ ಮಾಣಿಕ್ಯಗಳು. ಚಕ್ರಗಳ ಅಚ್ಚುಗಳು ಲೋಹಕ್ಕೆ ಉಜ್ಜಿ ಸವೆಯದಂತೆ ಅವುಗಳ ತುದಿಯನ್ನು ಈ ಗಟ್ಟಿ ಹರಳುಗಳಲ್ಲಿ ಕೂರಿಸಿರುತ್ತಾರೆ. ಫ್ರಾನ್ಸಿನ ವಿಜ್ಞಾನಿ ಆಗಸ್ಟ್ ವೆರ್ನೇಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಕೃತಕ ಮಾಣಿಕ್ಯ ಅಗ್ಗವಾಗಿದ್ದರಿಂದಲೇ ಸಾಮಾನ್ಯ ವಾಚಿಗೂ ಹದಿನೇಳು ಹರಳು ದಕ್ಕಿತು. ಅದೇ ಡಯಲ್‌ನ 'ಪ್ಯಾರಾಶಾಕ್' ಎಂಬ ಪದ, ವಾಚು ಕೆಳಗೆ ಬಿದ್ದಾಗ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದಂತೆ ಕಾಪಾಡುವ ಸಿಟಿಜನ್ ಏರ್ಪಾಡಿನ ಹೆಸರು.

ಕೀ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ತಿರುಗಿಸುತ್ತದೆ. ಬ್ಯಾಲೆನ್ಸ್ ಚಕ್ರ ಅತ್ತಿತ್ತ ಓಲಾಡುತ್ತ ಆ ಓಟಕ್ಕೆ ಲಗಾಮು ಹಾಕುತ್ತದೆ. ಜನತಾದಲ್ಲಿ ಈ ಓಲಾಟ ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು. ಬ್ಯಾಟರಿಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕರಾರುವಾಕ್ಕುತನದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಜಪಾನಿನ ಸೀಕೊ 1969ರ ಡಿಸೆಂಬರ್‌ನಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಾಗಲೇ ಕೀ ಕೊಡುವ ವಾಚಿನ ಭವಿಷ್ಯ ಬದಲಾಗಿತ್ತು. ವಿಚಿತ್ರವೆಂದರೆ ಟೈಟನ್‌ಗಿಂತ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ತಯಾರಿಸಿತ್ತು. ಆದರೆ ಅದನ್ನು ನೆಚ್ಚಿಕೊಂಡು ಮುಂದೆ ಹೋದದ್ದು ಹೊಸೂರಿನಲ್ಲಿ ಕಾರ್ಖಾನೆ ಹೂಡಿದ ಟೈಟನ್. ಗ್ರಾಹಕರ ಮನಸ್ಸು ತಿರುಗಿದ್ದನ್ನು ಸರ್ಕಾರಿ ಕಂಪನಿ ತಡವಾಗಿ ಗಮನಿಸಿತು.

ಈಗಿನ ಗೋಳು ಬೇರೆ. ಹಳೆಯ ಯಾಂತ್ರಿಕ ವಾಚಿಗೆ ಗಿರಾಕಿಗಳು ಹೆಚ್ಚಿದ್ದರಿಂದ, ಸವೆದ ಡಯಲ್‌ಗಳಿಗೆ ಹೊಸ ಬಣ್ಣ ಬಳಿದು ಮಾರುವ ದಂಧೆ ಬೆಳೆದಿದೆ. ಕಾರ್ಖಾನೆ ಕಂಡೇ ಇಲ್ಲದ ಕಿತ್ತಳೆ, ಗಿಳಿಹಸಿರು ಬಣ್ಣದ ಜನತಾಗಳು ವಿದೇಶಗಳಿಗೂ ಹೋಗಿವೆ. ಇವುಗಳನ್ನು ಗುರುತಿಸಲು ಭೂತಗನ್ನಡಿ ಸಾಕು. ಮೂಲ ಡಯಲ್‌ನ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಮರುಮುದ್ರಣದಲ್ಲಿ ಶಾಯಿ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂರುವುದಿಲ್ಲ. ಕೇಸನ್ನು ಅತಿಯಾಗಿ ಪಾಲಿಷ್ ಮಾಡಿದ್ದರೆ ಮೂಲೆಗಳು ಸವೆದು ಗುಂಡಗಾಗಿರುತ್ತವೆ. ಪಳಪಳ ಹೊಳೆಯುವ ಐವತ್ತು ವರ್ಷದ ವಾಚನ್ನು ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಬಣ್ಣ ಬಳಿದರೆ ತಪ್ಪೇನು, ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಆದರೆ ಬಿಸಿಲಿಗೆ ಕಂದಿದ ಡಯಲ್, ಆ ಕಾಲದ ಅಕ್ಷರ ವಿನ್ಯಾಸ, ಬರಹದಲ್ಲಾದ ಸಣ್ಣಪುಟ್ಟ ಬದಲಾವಣೆ ಇವೆಲ್ಲ ವಾಚು ಯಾವ ಕಾಲದ್ದೆಂದು ಹೇಳುವ ಸಾಕ್ಷಿಗಳು. ಒಮ್ಮೆ ಉಜ್ಜಿ ತೆಗೆದರೆ ಮರಳಿ ಬರುವುದಿಲ್ಲ. ಅಸಲಿ ವಾಚುಗಳು ಹೇಗಿದ್ದವೆಂದು ನೋಡಿ ಕಣ್ಣು ಪಳಗಿಸಿಕೊಳ್ಳಲು, ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪಾರಂಪರಿಕ ಕೇಂದ್ರ ಒಳ್ಳೆಯ ಜಾಗ.

ಮನೆಯಲ್ಲೇ ಹಳೆಯ ವಾಚು ಇದ್ದವರು ಮೊದಲು ಮಾಡಬೇಕಾದದ್ದು, ಅದಕ್ಕೆ ಬಲವಂತವಾಗಿ ಕೀ ಕೊಡದಿರುವುದು. ವರ್ಷಗಟ್ಟಲೆ ನಿಂತಿದ್ದರೆ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೆಯೇ ಓಡಿಸಿದರೆ ಅಚ್ಚುಗಳು ಸವೆಯುತ್ತವೆ. ಯಾಂತ್ರಿಕ ವಾಚು ಬಿಚ್ಚಿ ಜೋಡಿಸಬಲ್ಲ ಹಳೆಯ ಕೈಗಳು ಕಡಿಮೆಯಾಗುತ್ತಿವೆ, ಬಿಡಿಭಾಗಕ್ಕಾಗಿ ಇನ್ನೊಂದು ಕೆಟ್ಟ ವಾಚನ್ನೇ ಬಿಚ್ಚಬೇಕಾದ ಪರಿಸ್ಥಿತಿಯೂ ಇದೆ. ರಿಪೇರಿಯವರಲ್ಲಿ ಸ್ವಚ್ಛಗೊಳಿಸಿ ಎಣ್ಣೆ ಹಾಕುವುದಷ್ಟೇ ಸಾಕು, ಡಯಲ್ ಮುಟ್ಟಬೇಡಿ ಎಂದು ಮೊದಲೇ ಹೇಳಬೇಕು. ಏನಾದರೂ ಬದಲಿಸಲೇಬೇಕಾಗಿ ಬಂದರೆ, ತೆಗೆದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿಸಿಕೊಂಡು ವಾಚಿನ ಜೊತೆಗೇ ಇಡಬೇಕು.