ಎರವಲು ಆಕಾಶ

ಗೇರುಸೊಪ್ಪೆಯ ನಮ್ಮ ಮನೆಯಲ್ಲಿ ಆಗಸ್ಟ್ 15ರಂದು ಟಿವಿಯಲ್ಲಿ ‘ಬಾರ್ಡರ್’ ನೋಡುವುದು ಹೆಚ್ಚುಕಡಿಮೆ ವಾಡಿಕೆಯೇ ಆಗಿತ್ತು. ಹೊರಗೆ ಶರಾವತಿ ಕಣಿವೆಯ ಮಳೆ, ಒಳಗೆ ರಾಜಸ್ಥಾನದ ಮರಳು. ಒಂದು ವರ್ಷ ವಾಯುಪಡೆಯ ವಿಮಾನಗಳು ಬಂದು ಟ್ಯಾಂಕುಗಳ ಮೇಲೆ ಎರಗುವ ಹೊತ್ತಿಗೆ ಅಮ್ಮಮ್ಮ ಕವಳದ ಬಟ್ಟಲು ಬದಿಗಿಟ್ಟು ಕೇಳಿದಳು: “ತಮಾ, ಅಂವ ಒಬ್ನೇ ಕೂತಿದ್ದ ಹೇಳಾದ್ರೆ, ಪಟ ತೆಗದಂವ ಎಲ್ಲಿ ಕೂತಿದ್ದ?”

ನಾವೆಲ್ಲ ನಕ್ಕೆವು. ಆದರೆ ಯುದ್ಧಸಿನಿಮಾಗಳ ಚರಿತ್ರೆಯನ್ನು ಓದತೊಡಗಿದ ಮೇಲೆ, ಫೈಟರ್ ಪೈಲಟ್‌ಗಳ ಬಗ್ಗೆ ಸಿನಿಮಾ ಮಾಡಿದ ಪ್ರತಿಯೊಬ್ಬರಿಗೂ ಎದುರಾದ ಮೊದಲ ಪ್ರಶ್ನೆ ಇದೇ ಎಂದು ಗೊತ್ತಾಯಿತು. ಫೈಟರ್ ವಿಮಾನದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸೀಟು. ಅವನ ಮುಖ ಕಾಣಬೇಕಾದರೆ ಕ್ಯಾಮರಾ ಅವನೆದುರು, ಗಾಳಿಯಲ್ಲಿ ಇರಬೇಕು. ಅದಕ್ಕೆ ಬಹಳ ದುಡ್ಡು ಬೇಕು.

ದುಡ್ಡಿದ್ದವರು ಏನು ಮಾಡಿದರು ಎಂಬುದಕ್ಕೆ 1927ರ ‘ವಿಂಗ್ಸ್’ ಸಾಕ್ಷಿ. ನಿರ್ದೇಶಕ ವಿಲಿಯಂ ವೆಲ್ಮನ್ ಮೊದಲ ಮಹಾಯುದ್ಧದಲ್ಲಿ ಸ್ವತಃ ಪೈಲಟ್ ಆಗಿದ್ದವನು. ಅವನು ಕ್ಯಾಮರಾವನ್ನು ವಿಮಾನಕ್ಕೇ ಬಿಗಿದು, ನಟರನ್ನು ಆಕಾಶಕ್ಕೆ ಕಳಿಸಿದ. ಅಲ್ಲಿ ನಟರು ತಾವೇ ಗುಂಡಿ ಒತ್ತಿ ಕ್ಯಾಮರಾ ಚಾಲೂ ಮಾಡಿಕೊಳ್ಳಬೇಕಿತ್ತು. ಅಮೆರಿಕದ ಸೈನ್ಯ ವಿಮಾನಗಳನ್ನೂ ಸೈನಿಕರನ್ನೂ ಕೊಟ್ಟಿತು. ಆಸ್ಕರ್ ಪ್ರಶಸ್ತಿ ಆರಂಭವಾದಾಗ ಅತ್ಯುತ್ತಮ ಚಿತ್ರದ ಮೊದಲ ಗೌರವ ಇದಕ್ಕೇ ಹೋಯಿತು. ಇದರ ಬೆನ್ನಿಗೇ ಹೊವಾರ್ಡ್ ಹ್ಯೂಸ್ ಎಂಬ ಸಿರಿವಂತ ‘ಹೆಲ್ಸ್ ಏಂಜೆಲ್ಸ್’ ಚಿತ್ರಕ್ಕೆ ವರ್ಷಗಟ್ಟಲೆ ದುಡ್ಡು ಸುರಿದ. 1930ರಲ್ಲಿ ಅದು ತೆರೆಗೆ ಬರುವಷ್ಟರಲ್ಲಿ ಚಿತ್ರೀಕರಣದ ಅವಘಡಗಳು ಪೈಲಟ್‌ಗಳ ಜೀವವನ್ನೂ ತೆಗೆದುಕೊಂಡಿದ್ದವು.

ದುಡ್ಡಿಲ್ಲದವರು ಎರವಲು ತಂದರು. ಒಬ್ಬರು ಕಷ್ಟಪಟ್ಟು ಹಿಡಿದ ಆಕಾಶ ಹತ್ತಾರು ಜನರ ಸಿನಿಮಾಗಳಿಗೆ ಆಕಾಶವಾಯಿತು. ‘ಹೆಲ್ಸ್ ಏಂಜೆಲ್ಸ್’ನಲ್ಲಿ ಮಿಕ್ಕ ದೃಶ್ಯಗಳು 1932ರ ‘ಸ್ಕೈ ಡೆವಿಲ್ಸ್’ ಎಂಬ ಹಾಸ್ಯಚಿತ್ರದಲ್ಲಿ ಬಂದವು. 1930ರ ‘ದಿ ಡಾನ್ ಪೆಟ್ರೋಲ್’ 1938ರಲ್ಲಿ ಹೊಸ ನಟರೊಡನೆ ಮತ್ತೆ ತಯಾರಾದಾಗ ನೆಲದ ಮೇಲಿನ ಮುಖಗಳು ಬದಲಾದವು, ಹಾರಾಟದ ಎಷ್ಟೋ ದೃಶ್ಯಗಳು ಹಳೆಯವೇ ಉಳಿದವು. ಬ್ರಿಟನ್ನಿನಲ್ಲಿ 1964ರ ‘633 ಸ್ಕ್ವಾಡ್ರನ್’ಗಾಗಿ ಹಿಡಿದ ದೃಶ್ಯಗಳು ಐದು ವರ್ಷಗಳ ನಂತರ ಕಡಿಮೆ ಖರ್ಚಿನ ‘ಮಸ್ಕಿಟೊ ಸ್ಕ್ವಾಡ್ರನ್’ಗೆ ಒದಗಿದವು. 1969ರ ‘ಬ್ಯಾಟಲ್ ಆಫ್ ಬ್ರಿಟನ್’ನ ವಿಮಾನಗಳು 2001ರ ಚೆಕ್ ಸಿನಿಮಾ ‘ಡಾರ್ಕ್ ಬ್ಲೂ ವರ್ಲ್ಡ್’ನಲ್ಲಿಯೂ ಹಾರಿದವು. ಎರವಲು ದೃಶ್ಯಗಳ ನಡುವೆ ನಟನ ಮುಖ ತೋರಿಸಬೇಕಾದಾಗ ಅರ್ಧ ಕತ್ತರಿಸಿದ ಕಾಕ್‌ಪಿಟ್, ಹಿಂದೆ ಪರದೆಯ ಮೇಲೆ ಓಡುವ ಮೋಡ, ಎದುರಿಗೊಂದು ದೊಡ್ಡ ಫ್ಯಾನು, ಕೆಳಗಿಂದ ಅಲುಗಾಡಿಸಲು ನಾಲ್ಕು ಆಳು. ಇಷ್ಟಿದ್ದರೆ ಸ್ಟುಡಿಯೊದೊಳಗೇ ವಾಯುಯುದ್ಧ ನಡೆಯುತ್ತಿತ್ತು.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ರಿಪಬ್ಲಿಕ್ ಎಂಬ ಹಾಲಿವುಡ್‌ನ ಸಣ್ಣ ಸ್ಟುಡಿಯೊ ಜಾನ್ ವೇಯ್ನ್ ನಾಯಕನಾಗಿದ್ದ ‘ಫ್ಲೈಯಿಂಗ್ ಟೈಗರ್ಸ್’ ತೆಗೆಯಿತು. ಬರ್ಮಾ–ಚೀನಾ ರಂಗದಲ್ಲಿ ಜಪಾನಿನ ವಿರುದ್ಧ ಹೋರಾಡಿದ ಅಮೆರಿಕನ್ ಪೈಲಟ್‌ಗಳ ಕತೆ ಅದು. ಯುದ್ಧಕಾಲದಲ್ಲಿ ಕರ್ಟಿಸ್ ಪಿ-40 ವಿಮಾನಗಳನ್ನು ಸಿನಿಮಾಕ್ಕೆ ಬಿಟ್ಟುಕೊಡುವವರು ಯಾರು? ಸ್ಟುಡಿಯೊದವರು ಅದೇ ಅಳತೆಯ, ಹಾರದ ಮಾದರಿಗಳನ್ನು ಕಟ್ಟಿದರು. ಅವು ನೆಲದ ಮೇಲೆ ಓಡುತ್ತಿದ್ದವು, ಅಷ್ಟೆ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಅದೇ ಕರ್ಟಿಸ್ ಕಂಪನಿಯ ಹಾಕ್ ವಿಮಾನ ಜೋಡಣೆಯಾಗಿ ನಿಜವಾಗಿಯೇ ಹಾರಿತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧ ಮುಗಿಯುವವರೆಗೂ ಅಮೆರಿಕನ್ನರ ವಿಮಾನಗಳನ್ನು ರಿಪೇರಿ ಮಾಡಿ ಕಳಿಸುತ್ತಿತ್ತು. ಮುಂದೆ ಅದೇ ಕಾರ್ಖಾನೆಯಲ್ಲಿ ನ್ಯಾಟ್ ಫೈಟರ್‌ಗಳು ತಯಾರಾದವು. ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ಇಲ್ಲಿನ ಎಂಜಿನಿಯರುಗಳು ರೂಪಿಸಿದ ‘ಮರುತ್’ 1961ರ ಜೂನ್ 17ರಂದು ಬೆಂಗಳೂರಿನ ಮೇಲೆ ಮೊದಲ ಬಾರಿ ಹಾರಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಲು ಹೋದವರು ಒಂದು ಮರುತ್‌ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ.

ವಿಮಾನ ಕಟ್ಟಿದ ನಾಡಿದು. ಆದರೂ ಕನ್ನಡ ಸಿನಿಮಾ ಕಾಕ್‌ಪಿಟ್‌ನ ಕಡೆ ಹೋದದ್ದು ವಿರಳ. ಸೈನಿಕನ ಬದುಕನ್ನು ಕೇಂದ್ರದಲ್ಲಿಟ್ಟ ಕನ್ನಡ ಚಿತ್ರವೆಂದರೆ ನಮಗೆಲ್ಲ ನೆನಪಾಗುವುದು 1990ರ ‘ಮುತ್ತಿನ ಹಾರ’. ಅದರ ನಾಯಕ ಕೊಡಗಿನವನು, ಆದರೆ ಭೂಸೇನೆಯವನು. ವಾಯುಪಡೆಯ ಕತೆ ಹಿಂದಿಯವರ ಪಾಲಿಗೆ ಹೋಯಿತು. ಅಲ್ಲೂ ಹಾಲಿವುಡ್‌ನಷ್ಟು ದುಡ್ಡಿರಲಿಲ್ಲ. 1971ರ ಯುದ್ಧದ ಬಗ್ಗೆ ಚೇತನ್ ಆನಂದ್ ಮಾಡಿದ ‘ಹಿಂದುಸ್ತಾನ್ ಕೀ ಕಸಮ್’ (1973), ಗೋವಿಂದ ನಿಹಲಾನಿಯವರ ‘ವಿಜೇತಾ’ (1982) ಎರಡಕ್ಕೂ ವಾಯುಪಡೆಯೇ ವಿಮಾನ ಒದಗಿಸಿತು. ‘ವಿಜೇತಾ’ ಅಂತೂ ಯುದ್ಧಕ್ಕಿಂತ ಹೆಚ್ಚಾಗಿ ಹುಡುಗನೊಬ್ಬ ಪೈಲಟ್ ಆಗುವ ಕತೆ. ಅದರಲ್ಲಿ ಅಪ್ಪ, ಅಮ್ಮ, ಮನೆಯ ಜಗಳ ಎಲ್ಲಕ್ಕೂ ಜಾಗವಿದೆ. ಆದರೆ ವಿಮಾನ ಕೊಟ್ಟ ಮನೆಗೆ ಮುಜುಗರವಾಗುವ ಕತೆಯನ್ನು ಆ ವಿಮಾನ ಹತ್ತಿ ಹೇಳುವುದು ಸುಲಭವಲ್ಲ. ಮರಳಿ ಬಾರದವರ ಕತೆ, ಲೆಕ್ಕ ತಪ್ಪಿದ ದಾಳಿಯ ಕತೆ ಇಂಥ ಸಿನಿಮಾಗಳಲ್ಲಿ ಹಿಂದಕ್ಕೆ ಸರಿಯುತ್ತವೆ.

ಹಾಗೆ ಬಹಳ ವರ್ಷ ಹಿಂದೆ ಸರಿದ ಕತೆ ಅಜ್ಜಮಾಡ ಬೋಪಯ್ಯ ದೇವಯ್ಯನವರದು. ಕೊಡಗಿನವರು, 1932ರಲ್ಲಿ ಹುಟ್ಟಿದವರು. 1965ರ ಯುದ್ಧ ಆರಂಭವಾದಾಗ ಹಾರಾಟ ಕಲಿಸುವ ಶಿಕ್ಷಕರಾಗಿದ್ದ ಈ ಸ್ಕ್ವಾಡ್ರನ್ ಲೀಡರ್, ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ ಸೇರಿಕೊಂಡರು. ಸೆಪ್ಟೆಂಬರ್ 7ರ ಬೆಳಗಿನ ಜಾವ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು 12 ಮಿಸ್ಟೇರ್ ವಿಮಾನಗಳು ಸಿದ್ಧವಾದವು. ದೇವಯ್ಯನವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಯಾರಾದರೂ ಹಿಂದೆ ಉಳಿದರೆ ಆ ಜಾಗಕ್ಕೆ ಹೋಗುವ ಮೀಸಲು ಪೈಲಟ್ ಅವರು. ಒಂದು ಜಾಗ ಖಾಲಿಯಾಯಿತು, ಅವರು ಹೋದರು.

ಸರ್ಗೋಧಾದ ಬಳಿ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಒಂದು ಅವರಿಗೆ ಎದುರಾಯಿತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಆದರೂ ಆ ಕಾದಾಟದಲ್ಲಿ ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಹಿಡಿದು ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಉಳಿದವರು ಇಂಧನದ ಲೆಕ್ಕ ನೋಡಿಕೊಂಡು, ನೆಲಕ್ಕೆ ಹತ್ತಿರದಲ್ಲಿ ಹಾರಿ ಆದಂಪುರಕ್ಕೆ ಬಂದಿದ್ದರು. ಅವರಲ್ಲಿ ಯಾರಿಗೂ ಹಿಂದೆ ನಡೆದದ್ದು ಕಂಡಿರಲಿಲ್ಲ. ದಾಖಲೆಯಲ್ಲಿ ದೇವಯ್ಯನವರ ಹೆಸರಿನ ಮುಂದೆ ‘ಕಾಣೆಯಾಗಿದ್ದಾರೆ’ ಎಂಬ ಮಾತು ಉಳಿಯಿತು.

ಅಮ್ಮಮ್ಮನ ಪ್ರಶ್ನೆ ನನಗೆ ಮತ್ತೆ ಕೇಳಿಸಿದ್ದು ಇಲ್ಲಿ. ಪಟ ತೆಗದಂವ ಎಲ್ಲಿ ಕೂತಿದ್ದ? ನಿಜವಾದ ಯುದ್ಧದಲ್ಲಿ ಫೈಟರ್ ವಿಮಾನಕ್ಕೆ ಗನ್ ಕ್ಯಾಮರಾ ಎಂಬುದೊಂದು ಇರುತ್ತಿತ್ತು. ಪೈಲಟ್ ಗುಂಡು ಹಾರಿಸಿದಾಗ ಅದು ಚಾಲೂ ಆಗುತ್ತದೆ. ಅದರ ಕಣ್ಣು ಮುಂದಕ್ಕೆ. ಎದುರಿನ ವಿಮಾನಕ್ಕೆ ಗುಂಡು ತಾಗಿತೋ ಇಲ್ಲವೋ ಎಂದು ಅದು ಹೇಳಬಲ್ಲದು. ಗುಂಡು ಹಾರಿಸಿದವನ ಮುಖವನ್ನು ಅದು ಎಂದೂ ನೋಡುವುದಿಲ್ಲ. ವಿಮಾನ ಬಿದ್ದರೆ ಅದರ ಸಾಕ್ಷ್ಯವೂ ಅಲ್ಲೇ ಮುಗಿಯಿತು. ಸಿನಿಮಾದಲ್ಲಿ ನಾವು ನೋಡುವ ಮುಖ, ಆ ಬೆವರು, ಹಲ್ಲು ಕಚ್ಚಿದ ದವಡೆ, ಯುದ್ಧದಲ್ಲಿ ಯಾರಿಗೂ ಕಾಣದವು.

ಅದೇ ತಿಂಗಳ 22ರಂದು ಕೊಡಗಿನ ಇನ್ನೊಬ್ಬ ಪೈಲಟ್, ಜನರಲ್ ಕೆ. ಎಂ. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ, ತಮ್ಮ ಹಂಟರ್ ವಿಮಾನ ಹೊಡೆತಕ್ಕೆ ಸಿಕ್ಕು ಪಾಕಿಸ್ತಾನದ ಸೆರೆಯಾದರು. ಅವರು ಬಿಡುಗಡೆಯಾಗಿ ಬಂದರು, ಏರ್ ಮಾರ್ಷಲ್ ಹುದ್ದೆಗೇರಿದರು, ನಡೆದದ್ದನ್ನು ತಾವೇ ಹೇಳಿದರು. ದೇವಯ್ಯನವರ ಕತೆ ಹೇಳಲು ಎದುರಾಳಿಯೇ ಬಾಯಿ ತೆರೆಯಬೇಕಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್‌ನ ಜೊತೆಗಿನ ಕಾದಾಟದಲ್ಲಿ ಎಂದು ಅದರಿಂದ ಗೊತ್ತಾಯಿತು. ಹಿಂದಿರುಗಿದ ಯಾವ ಪೈಲಟ್‌ನೂ ಅಂಥ ಕಾದಾಟ ನಡೆಸಿರಲಿಲ್ಲ. ಹಾಗಿದ್ದರೆ ಅದು ಹಿಂದಿರುಗದವನೇ. ತನೇಜಾ ಅವರ ಒತ್ತಾಯವೂ ಸೇರಿ, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ನಡುವೆ ಕಳೆದದ್ದು 23 ವರ್ಷ.

2025ರ ಜನವರಿಯಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರಕ್ಕೆ ಇದೇ ಘಟನೆ ಆಧಾರ. ಅದು ಸಣ್ಣ ಬಜೆಟ್ಟಿನ ಚಿತ್ರವಲ್ಲ. ಅಕ್ಷಯ್ ಕುಮಾರ್ ಇದ್ದಾರೆ, ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಆಕಾಶ ತುಂಬ ವಿಮಾನಗಳಿವೆ. ಈಗ ಆಕಾಶವನ್ನು ಎರವಲು ತರಬೇಕಾಗಿಲ್ಲ, ಬೇಕಾದಷ್ಟು ತಯಾರಿಸಿಕೊಳ್ಳಬಹುದು. ಆದರೆ ಅದರಲ್ಲಿ ಪೈಲಟ್‌ನ ಹೆಸರು ಟಿ. ಕೃಷ್ಣ ವಿಜಯ. ಕೊಡವರಲ್ಲಿ ಹೆಸರಿನ ಮೊದಲು ಬರುವ ಮನೆಹೆಸರು ಬರೀ ಇನಿಶಿಯಲ್ ಅಲ್ಲ. ಆತ ಯಾವ ಒಕ್ಕದವನು, ಯಾವ ಐನ್‌ಮನೆಯವನು ಎಂದು ಅದು ಹೇಳುತ್ತದೆ. 23 ವರ್ಷ ‘ಕಾಣೆಯಾದವರ’ ಪಟ್ಟಿಯಲ್ಲಿದ್ದ ‘ಅಜ್ಜಮಾಡ’ ಎಂಬ ಹೆಸರು ತೆರೆಯ ಮೇಲೂ ಕಾಣೆಯಾಯಿತು. ಕತೆ ಬದಲಿಸಿಕೊಳ್ಳಲು ಸಿನಿಮಾದವರಿಗೆ ಸ್ವಾತಂತ್ರ್ಯವಿದೆ, ಒಪ್ಪುತ್ತೇನೆ. ಆದರೂ ಇಷ್ಟು ಖರ್ಚು ಮಾಡಿ ವಿಮಾನದ ಒಂದೊಂದು ಮೊಳೆಯನ್ನೂ ತೋರಿಸುವವರಿಗೆ, ಖರ್ಚಿಲ್ಲದೆ ಸಿಗುತ್ತಿದ್ದ ಒಂದು ಹೆಸರು ಭಾರವಾಯಿತೆ?

ದೇವಯ್ಯನವರ ಕತೆಗೆ ಕಡಿಮೆ ಬಜೆಟ್ಟಿನ ಕನ್ನಡ ಚಿತ್ರವೇ ತಕ್ಕುದು ಎಂದು ನನಗೆ ಅನ್ನಿಸುವುದು ಇದಕ್ಕೇ. ಆ ಕತೆಯ ಬಹುಭಾಗ ನಡೆದದ್ದು ನೆಲದ ಮೇಲೆ, ಕಾಯುವುದರಲ್ಲಿ. ‘ದಿ ಡಾನ್ ಪೆಟ್ರೋಲ್’ನಲ್ಲಿ ದಾಳಿಗೆ ಹೋದ ವಿಮಾನಗಳು ಮರಳುವಾಗ ಅಧಿಕಾರಿ ಕಿವಿಗೊಟ್ಟು ಎಂಜಿನ್ನುಗಳ ಸದ್ದು ಎಣಿಸುತ್ತಾನೆ. ಎಷ್ಟು ಹೋದವು, ಎಷ್ಟು ಬಂದವು. ಅದಕ್ಕೆ ವಿಮಾನವೇ ಬೇಕಿಲ್ಲ, ಸದ್ದು ಸಾಕು. ಸಣ್ಣ ಬಜೆಟ್ಟಿನಲ್ಲಿ, ಒಂದು ಅಗ್ರಹಾರ, ಒಂದು ಮಠದ ಜಗಲಿಯಲ್ಲಿ ‘ಸಂಸ್ಕಾರ’ವನ್ನೂ ‘ಘಟಶ್ರಾದ್ಧ’ವನ್ನೂ ಮಾಡಿದ ಚಿತ್ರರಂಗಕ್ಕೆ ಒಂದು ಐನ್‌ಮನೆ, ಒಂದು ಟೆಲಿಗ್ರಾಂ, 23 ವರ್ಷ ಸಾಲದೆ?

ನಮ್ಮ ಹೊನ್ನಾವರ ತಾಲೂಕು ಕೆರೆಮನೆ ಮೇಳದ ನೆಲ. ‘ಇಂದ್ರಜಿತು ಕಾಳಗ’ ನೋಡಿ ಬೆಳೆದವರಿಗೆ, ಮೋಡದ ಮರೆಯಲ್ಲಿ ನಿಂತು ಬಾಣ ಬಿಡುವವನನ್ನು ರಂಗದ ಮೇಲೆ ತೋರಿಸಲು ಮೋಡ ಬೇಕಿಲ್ಲ ಎಂಬುದು ಗೊತ್ತು. ಚಂಡೆ ಇದ್ದರಾಯಿತು, ಭಾಗವತರ ಪದ ಇದ್ದರಾಯಿತು. ಅಮ್ಮಮ್ಮ ಅಂಥ ಆಟಗಳನ್ನು ರಾತ್ರಿಯಿಡೀ ಕೂತು ನೋಡಿದವಳು. ಅಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಅವಳು ಟಿವಿಯ ಮುಂದೆ ಕೇಳಿದಳು. ಮಡಿಕೇರಿಯಲ್ಲಿ ಈಗ ದೇವಯ್ಯನವರ ಪ್ರತಿಮೆಯಿದೆ. ಮುಂದಿನ ಸಲ ಅಲ್ಲಿಗೆ ಹೋದಾಗ ಅದರ ಕೆಳಗೆ ಬರೆದ ಹೆಸರನ್ನು ಪೂರ್ತಿ ಓದಿ ಬರಬೇಕು.